ಸೇತುವೆ ಬಿಟ್ಟು ಹೊಳೆಗಿಳಿದರೆ

ನೀರಿನ ಮಾದರಿ ತೆಗೆಯುವವರಿಗೆಲ್ಲ ಅಚ್ಚುಮೆಚ್ಚಿನ ಜಾಗ ಸೇತುವೆ. ಗಾಡಿ ಪಕ್ಕದಲ್ಲೇ ನಿಲ್ಲುತ್ತದೆ, ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟರೆ ಕೆಲಸ ಮುಗಿಯಿತು. ಅಮೆರಿಕದಲ್ಲಿ ಹೊಳೆ ಸಮೀಕ್ಷೆಯ ತಂಡವೊಂದರ ಜೊತೆ ಓಡಾಡಿದ ನನಗೆ ಮೊದಲು ಬಿಟ್ಟುಹೋದದ್ದೇ ಈ ಸೇತುವೆಯ ಚಟ.

ಸೇತುವೆ ಇದ್ದಲ್ಲಿ ರಸ್ತೆ, ರಸ್ತೆ ಇದ್ದಲ್ಲಿ ಊರು, ಊರಿದ್ದಲ್ಲಿ ಚರಂಡಿ. ಅಲ್ಲಿನ ನೀರು ಇಡೀ ನದಿಯ ಪರವಾಗಿ ಮಾತಾಡಲಾರದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಬಹುದು, ಏಕೆಂದರೆ ಪಾತ್ರೆಯೆಲ್ಲ ಒಂದೇ ಹದದಲ್ಲಿ ಕುದಿಯುತ್ತದೆ. ಹೊಳೆ ಹಾಗಲ್ಲ. ಒರೆಗಾನ್ ರಾಜ್ಯದವರು ಕೋಹೋ ಸಾಲ್ಮನ್ ಮೀನನ್ನು ವರ್ಷಗಟ್ಟಲೆ ರೂಢಿಯ ಜಾಗಗಳಲ್ಲೇ ಎಣಿಸುತ್ತಿದ್ದರು. ಅವು ಮೀನು ಚೆನ್ನಾಗಿ ಸಿಗುವ ಜಾಗಗಳು. 1990ರ ದಶಕದಲ್ಲಿ ಯಾದೃಚ್ಛಿಕವಾಗಿ ಆರಿಸಿದ ತಾಣಗಳಿಗೆ ಹೋದಾಗ, ಹಳೆಯ ಅಂದಾಜು ಎಷ್ಟು ಉಬ್ಬಿತ್ತೆಂಬುದು ಬಯಲಾಯಿತು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಈ ಲಾಟರಿ ವಿಧಾನವನ್ನೇ ದೇಶದುದ್ದಕ್ಕೂ ಹಬ್ಬಿಸಿತು. ನಕ್ಷೆಯ ಮೇಲಿನ ಹೊಳೆಗಳಿಂದ ಕಂಪ್ಯೂಟರ್ ತಾಣಗಳನ್ನು ಎತ್ತುತ್ತದೆ. ಆದರೆ ಎಲ್ಲವೂ ಒಂದೇ ಮೂಲೆಯಲ್ಲಿ ಗುಂಪುಗೂಡದಂತೆ ಹರಡಿ ಎತ್ತುತ್ತದೆ. ಪ್ರತಿ ತಾಣಕ್ಕೂ ಒಂದು ತೂಕ: ಅದು ಇಂತಿಷ್ಟು ಕಿಲೋಮೀಟರ್ ಹೊಳೆಯ ಪ್ರತಿನಿಧಿ.

ಹಾಗೆ ಬಿದ್ದ ಬಿಂದು ಎಲ್ಲಿ ಬೇಕಾದರೂ ಇರಬಹುದು. ಮುಳ್ಳುಪೊದೆಯ ನಡುವೆ, ಜೋಳದ ಹೊಲದಾಚೆ, ಯಾರದೋ ಹಿತ್ತಿಲಲ್ಲಿ. ತಂಡದವರು ಜಿಪಿಎಸ್ ಹಿಡಿದು ಅಲ್ಲಿಗೇ ಹೋಗಬೇಕು. ‘ಸ್ವಲ್ಪ ಮೇಲಕ್ಕೆ ಹೋದರೆ ದಾರಿ ಚೆನ್ನಾಗಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ನೀರಿನ ಅಗಲದ 40 ಪಟ್ಟು ಉದ್ದವನ್ನು ಅಳೆದು, ಅದರಲ್ಲಿ 11 ಅಡ್ಡಗೆರೆಗಳನ್ನು ಗುರುತಿಸುತ್ತಾರೆ. ಒಂದೊಂದು ಗೆರೆಯಲ್ಲೂ ಒಬ್ಬರು ಡಿ ಆಕಾರದ ಬಲೆಯನ್ನು ತಳಕ್ಕೊತ್ತಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕೈಯಿಂದ ಉಜ್ಜಿ, 30 ಸೆಕೆಂಡು ಕಾಲಿನಿಂದ ಕೆದಕುತ್ತಾರೆ. ಬಲೆಗೆ ಬಂದ ಕಸಕಡ್ಡಿಯಲ್ಲಿ ಮೂರು ಬಾಲದ ಮೇಫ್ಲೈ ಮರಿಗಳು ಮಿಸುಕಾಡಿದರೆ ತಂಡಕ್ಕೆ ಖುಷಿ. ಬಾಟಲಿಯ ನೀರು ಆ ಹೊತ್ತಿನ ಸುದ್ದಿ ಹೇಳುತ್ತದೆ. ತಿಂಗಳುಗಟ್ಟಲೆ ಅಲ್ಲೇ ಬದುಕಿದ ಹುಳು ಹಿಂದಿನದನ್ನೂ ಹೇಳುತ್ತದೆ.

ನೀರಿಗಿಂತ ಕಷ್ಟದ್ದು ಗೇಟು. ಜಮೀನಿನ ಮಾಲೀಕ ಒಳಗೆ ಬಿಡದಿದ್ದರೆ ಹಾಗೆಂದೇ ದಾಖಲಿಸಬೇಕು, ಬದಲಿ ಪಟ್ಟಿಯಲ್ಲಿ ಮುಂದಿರುವ ತಾಣಕ್ಕೆ ಹೋಗಬೇಕು. ಇಷ್ಟಬಂದದ್ದನ್ನು ಆರಿಸಿಕೊಳ್ಳುವಂತಿಲ್ಲ. ಹೊಳೆ ಬತ್ತಿದ್ದರೆ ಅದೂ ಫಾರಂ ಸೇರುತ್ತದೆ: ನಕ್ಷೆಯ ನೀಲಿ ಗೆರೆಯಲ್ಲಿ ನಿಜವಾಗಿ ಹರಿಯುವುದೆಷ್ಟು ಎಂಬ ಲೆಕ್ಕಕ್ಕೆ ಬರಿ ಮರಳೂ ಬೇಕು.

ಈ ಶಿಸ್ತಿನ ಫಲ 2006ರ ವರದಿಯಲ್ಲಿದೆ. ಕಾಲ್ನಡಿಗೆಯಲ್ಲಿ ದಾಟಬಹುದಾದ ಹೊಳೆಗಳ 1,392 ತಾಣಗಳನ್ನು ನೋಡಿ ದೇಶದ ಹೊಳೆಗಳ ಉದ್ದದಲ್ಲಿ ಶೇ 42ರಷ್ಟು ಜೀವಸ್ಥಿತಿಯಲ್ಲಿ ಕಳಪೆ, ಶೇ 28 ಮಾತ್ರ ಉತ್ತಮ ಎಂದು ಇಪಿಎ ಹೇಳಿತು. ಅಷ್ಟು ಕಡಿಮೆ ತಾಣಗಳಿಂದ ಅಷ್ಟು ದೊಡ್ಡ ಮಾತನ್ನು, ತಪ್ಪಿನ ಅಂಚು ಎಷ್ಟೆಂಬುದರ ಸಮೇತ, ಹೇಳಲು ಸಾಧ್ಯವಾದದ್ದು ತಾಣಗಳನ್ನು ಯಾರೂ ಕೈಯಾರೆ ಆರಿಸದಿದ್ದುದರಿಂದ.

ಆದರೆ ‘ನಮ್ಮೂರ ಹೊಳೆ ಹೇಗಿದೆ’ ಎಂದು ದಡದಲ್ಲಿ ನಿಂತು ಕೇಳಿದವರಿಗೆ ಈ ಸಮೀಕ್ಷೆ ಉತ್ತರಿಸದು. ಯಾವ ಕಾರ್ಖಾನೆಯ ಕೊಳವೆ ಏನು ಸುರಿಯುತ್ತಿದೆ ಎಂದು ಹಿಡಿಯಲು ನಿಗದಿತ ತಾಣವೇ ಬೇಕು. ಭಾರತದಲ್ಲಿ ಕೇಂದ್ರ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳು ಕಾವೇರಿ, ತುಂಗಭದ್ರೆಗಳ ನೀರನ್ನು ಪರೀಕ್ಷಿಸುವುದು ಅಂಥ ಕೇಂದ್ರಗಳಲ್ಲೇ. ಅಲ್ಲಿನ ಅಂಕಿಯನ್ನು ಇಡೀ ನದಿಯ ಶೇಕಡಾವಾರು ಎಂದು ಓದಿದಾಗಲಷ್ಟೇ ಎಡವಟ್ಟು.

ಮೇರಿಲ್ಯಾಂಡ್ ರಾಜ್ಯ ಎರಡನ್ನೂ ಇಟ್ಟುಕೊಂಡಿದೆ. 1995ರಿಂದ ಅಲ್ಲಿ 75 ಮೀಟರ್ ಉದ್ದದ ಹೊಳೆತುಣುಕುಗಳನ್ನು ಯಾದೃಚ್ಛಿಕವಾಗಿ ಆರಿಸಿ ಮೀನು, ಹುಳುಗಳನ್ನು ಎಣಿಸುತ್ತಾರೆ. 2000ದಿಂದ ಮನುಷ್ಯರ ಕೈ ಹೆಚ್ಚು ತಾಗದ ಕೆಲವು ಹೊಳೆಗಳನ್ನು ಕಾವಲು ತಾಣಗಳಾಗಿಯೂ ಇರಿಸಿಕೊಂಡು ಪ್ರತಿವರ್ಷ ಅಲ್ಲಿಗೇ ಮರಳುತ್ತಾರೆ. ಮೀನು ಕಡಿಮೆಯಾದ ವರ್ಷ, ಅದು ಬರದಿಂದಲೋ ಜನರಿಂದಲೋ ಎಂದು ಬೇರ್ಪಡಿಸಲು ಅವೇ ಆಧಾರ.