ಪ್ರೋಟೀನುಗಳ ಕುಲ, ಪ್ರೋಟೀನುಗಳ ಕಾಯಕ

ಕೆಲವು ದಿನಗಳ ಹಿಂದೆ ಶ್ರೀಮಠದ ಭಕ್ತರೊಬ್ಬರು ಮಗನೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನಿತ್ಯವೂ ಸೇವಿಸುವವರು. ವಿದ್ಯಾವಂತನಾದ ಮಗನು ಮೊಬೈಲಿನಲ್ಲಿ ಏನನ್ನೋ ತೋರಿಸಿ, "ಹುಣಸೆ ಬೀಜದ ಪ್ರೋಟೀನು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆಯಂತೆ ಡಾಕ್ಟ್ರೇ. ನಮ್ಮ ನಲ್ಲೂರಿನಲ್ಲಿ ಹುಣಸೆಗೆ ಬರವೇ? ಅಪ್ಪಾಜಿಗೆ ಮಾತ್ರೆ ಬಿಡಿಸಿ ಬೀಜದ ಪುಡಿ ಕೊಡಬಹುದಲ್ಲ?" ಎಂದು ಕೇಳಿದನು. ಆತ ಓದಿದ್ದು ಸುಳ್ಳಲ್ಲ. ಆದರೆ ಅದರಿಂದ ಆತ ಮಾಡಿಕೊಂಡ ನಿರ್ಣಯವು ತಂದೆಯ ಪ್ರಾಣಕ್ಕೇ ಎರವಾಗಬಹುದಿತ್ತು. ಈ ಅಂತರವನ್ನು ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕೆನ್ನಿಸಿತು.

ನಲ್ಲೂರಿನ ಹುಣಸೆ ತೋಪನ್ನು ಅರಿಯದವರು ನಮ್ಮ ದೇವನಹಳ್ಳಿ ಸೀಮೆಯಲ್ಲಿ ವಿರಳ. ಐವತ್ತನಾಲ್ಕು ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿನ ಮುದಿಮರಗಳು ಚೋಳರ ಕಾಲದವೆಂಬುದು ಊರಿನವರ ನಂಬಿಕೆ. ಆ ಮರಗಳ ಬೀಜವನ್ನು ಹುರಿದು ತಿಂದು ಬೆಳೆದವರು ಎಷ್ಟೋ ಮಂದಿ. ಆ ಬೀಜದೊಳಗೆ ನೂರಾರು ಬಗೆಯ ಪ್ರೋಟೀನುಗಳಿವೆ.

ಪ್ರೋಟೀನು ಎಂದರೆ ಅಮೈನೊ ಆಮ್ಲಗಳೆಂಬ ಇಪ್ಪತ್ತು ಅಕ್ಷರಗಳಿಂದ ಬರೆದ ಉದ್ದನೆಯ ಸಾಲು. ಅದು ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ಆಕಾರ ತಾಳುತ್ತದೆ. ಆ ಆಕಾರದಿಂದ ಅದರ ಕೆಲಸ. ಇಂದು ಕೋಟ್ಯಂತರ ಪ್ರೋಟೀನುಗಳ ಅಕ್ಷರಸಾಲು ದೊರೆತಿದೆ. ಒಂದೊಂದನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಯಾವ ದೇಶಕ್ಕೂ ಸಾಧ್ಯವಿಲ್ಲ. ಆದ್ದರಿಂದ ವಿಜ್ಞಾನಿಗಳು ಅವುಗಳ ಮನೆತನಗಳನ್ನು ಗುರುತಿಸಿ ದತ್ತಾಂಶ ಕೋಶಗಳಲ್ಲಿ ದಾಖಲಿಸಿದ್ದಾರೆ. 1997ರಲ್ಲಿ ಪ್ರಕಟವಾದ ಪಿಫ್ಯಾಮ್ ಅಂತಹದೊಂದು. ಅದರಲ್ಲೀಗ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಮನೆತನಗಳಿವೆ. ಅದನ್ನೂ ಅಂತಹ ಇತರ ಕೋಶಗಳನ್ನೂ ಒಂದೆಡೆ ಕೂಡಿಸಿದ್ದು ಇಂಟರ್‌ಪ್ರೊ. ಬೆಂಗಳೂರೂ ಈ ಕಾರ್ಯದಲ್ಲಿ ಹಿಂದುಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಶ್ರೀನಿವಾಸನ್ ಅವರ ತಂಡ 'ಪಾಲಿ' ಎಂಬ ಕೋಶವನ್ನೂ, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಆರ್. ಸೌಧಾಮಿನಿಯವರ ತಂಡ 'ಪಾಸ್2' ಎಂಬುದನ್ನೂ ಕಟ್ಟಿದವು. ಅಕ್ಷರಸಾಲುಗಳು ಗುರುತೇ ಸಿಗದಷ್ಟು ಬದಲಾದ ಮೇಲೂ ಆಕಾರದಲ್ಲಿ ಉಳಿದಿರುವ ದೂರದ ನಂಟನ್ನು ಪಾಸ್2 ಹಿಡಿದಿಡುತ್ತದೆ.

ಮನೆತನವನ್ನು ಗುರುತಿಸುವುದು ಹೇಗೆ? ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ ಕೂಡಿಹಾಕಿದ ಶ್ರಮವನ್ನು ನೆನೆಯಿರಿ. ಒಂದೇ ಕೃತಿಯ ಹತ್ತು ಪ್ರತಿಗಳನ್ನು ಸಾಲಾಗಿ ಹರಡಿದರೆ, ಲಿಪಿಕಾರರ ಕೈಯಲ್ಲಿ ಕೆಲವು ಅಕ್ಷರಗಳು ಬದಲಾಗಿರುತ್ತವೆ; ಕೆಲವು ಎಲ್ಲ ಪ್ರತಿಗಳಲ್ಲೂ ಹಾಗೆಯೇ ಉಳಿದಿರುತ್ತವೆ. ಪ್ರೋಟೀನುಗಳಲ್ಲಿ ಹೀಗೆ ಬದಲಾಗದೆ ಉಳಿದ ಅಕ್ಷರಗಳು ಸಾಮಾನ್ಯವಾಗಿ ಆಕಾರಕ್ಕೋ ಕೆಲಸಕ್ಕೋ ಅನಿವಾರ್ಯವಾದವು. ಯಾವ ಸ್ಥಾನದಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂಬ ಲೆಕ್ಕವೇ ಆ ಮನೆತನದ ಮುದ್ರೆ. ಹೊಸ ಸಾಲೊಂದು ಆ ಮುದ್ರೆಗೆ ಒಪ್ಪಿದರೆ ಅದನ್ನು ಆ ಮನೆತನಕ್ಕೆ ಸೇರಿಸಿ, ಬಹುಶಃ ಇದರ ಕೆಲಸವೂ ಹಿರಿಯರದ್ದೇ ಇರಬಹುದೆಂದು ಊಹಿಸುತ್ತಾರೆ. ಈ 'ಬಹುಶಃ' ಎಂಬ ಮಾತು ಮೊಬೈಲಿಗೆ ಬರುವಷ್ಟರಲ್ಲಿ ಕಳಚಿಬಿದ್ದಿರುತ್ತದೆ.

ಹುಣಸೆ ಬೀಜವನ್ನೇ ನೋಡೋಣ. ಅದರ ಒಂದು ಪ್ರೋಟೀನು ಕುನಿಟ್ಜ್ ಮನೆತನದ್ದು. 1945ರಲ್ಲಿ ಸೋಯಾ ಅವರೆಯಿಂದ ಈ ಬಗೆಯ ಪ್ರೋಟೀನನ್ನು ಹರಳಾಗಿ ಬೇರ್ಪಡಿಸಿದ ವಿಜ್ಞಾನಿಯ ಹೆಸರದು. ಕರುಳಿನಲ್ಲಿ ಆಹಾರದ ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವುದು ಈ ಮನೆತನದ ಕೆಲಸ. ರಕ್ತ ಹೆಪ್ಪುಗಟ್ಟಿಸುವ 'ಹತ್ತನೆಯ ಅಂಶ' ಎಂಬ ಕಿಣ್ವವೂ ಟ್ರಿಪ್ಸಿನ್ನಿನ ದಾಯಾದಿಯೇ. ಹೀಗಾಗಿ ಹುಣಸೆಯ ಈ ಪ್ರೋಟೀನು ಎರಡನ್ನೂ ತಡೆಯುತ್ತದೆಂದು ರೂರ್ಕಿಯ ಐಐಟಿಯವರು 2012ರಲ್ಲಿ ತೋರಿಸಿದರು. ಇಲ್ಲಿ ಕುಲ ಸುಳ್ಳು ಹೇಳಲಿಲ್ಲ.

ಅದೇ ಬೀಜದ ಇನ್ನೊಂದು ಪ್ರೋಟೀನಿನ ಕಥೆ ಬೇರೆ. ಅದರ ನಂಟು ಶಿಲೀಂಧ್ರಗಳ ಗೋಡೆಯ ಕೈಟಿನ್ನನ್ನು ಕತ್ತರಿಸುವ ಕಿಣ್ವಗಳೊಡನೆ. ಕುಲ ನೋಡಿ ಹೇಳುವುದಾದರೆ ಇದೂ ಕತ್ತರಿಯಾಗಬೇಕಿತ್ತು. ಪರೀಕ್ಷಿಸಿದಾಗ ಅದು ಕತ್ತರಿಸಲೇ ಇಲ್ಲ. ಒಂದು ಬಗೆಯ ಸಕ್ಕರೆಗೆ ಅಂಟಿಕೊಳ್ಳುತ್ತದೆ, ಅಷ್ಟೆ. 2013ರಲ್ಲಿ ಅದೇ ರೂರ್ಕಿಯವರು ಇದನ್ನು ಪ್ರಕಟಿಸಿದರು. ಕುಲವನ್ನು ಕೇಳಬೇಡಿ, ಕಾಯಕವನ್ನು ನೋಡಿ ಎಂಬುದು ಶರಣರ ಹಾದಿಯವರಾದ ನಮಗೆ ಹೊಸ ಮಾತೇನಲ್ಲ.

ಆಯುರ್ವೇದದಲ್ಲಿಯೂ ಇದಕ್ಕೆ ಹೋಲುವ ಎಚ್ಚರವಿದೆ. ಚಿತ್ರಮೂಲ, ದಂತಿ ಎರಡೂ ರಸ, ವೀರ್ಯ, ವಿಪಾಕಗಳಲ್ಲಿ ಒಂದೇ; ಆದರೂ ದಂತಿ ಮಾತ್ರ ಭೇದಿ ಮಾಡಿಸುತ್ತದೆ. ಚರಕರು ಇದನ್ನು ಪ್ರಭಾವವೆಂದರು. ಹಾಗೆಂದು ಪ್ರೋಟೀನಿನ ವಿಚಾರ ಚರಕರಿಗೆ ತಿಳಿದಿತ್ತೆಂದು ನಾವು ಹೇಳಲಾರೆವು. ಅಂತಹ ಮಾತಿನಿಂದ ಚರಕರಿಗೂ ಗೌರವವಿಲ್ಲ. ಪಿಫ್ಯಾಮ್‌ನಲ್ಲಿ ಸಾವಿರಾರು ಮನೆತನಗಳ ಮುಂದೆ 'ಕಾರ್ಯ ತಿಳಿಯದು' ಎಂದೇ ಬರೆದಿದ್ದಾರೆ. ಔಷಧಿಯ ಜಾಹೀರಾತು ಬರೆಯುವವರಲ್ಲಿ ನಮಗೆ ಈ ಪ್ರಾಮಾಣಿಕತೆ ಕಂಡಿದ್ದು ಕಡಿಮೆ.

ಇನ್ನು ಆ ಯುವಕನ ಪ್ರಶ್ನೆ. ಕುನಿಟ್ಜ್ ಪ್ರೋಟೀನು ಹತ್ತನೆಯ ಅಂಶವನ್ನು ತಡೆದದ್ದು ಶುದ್ಧಗೊಳಿಸಿದ ರೂಪದಲ್ಲಿ, ಪ್ರಯೋಗಶಾಲೆಯಲ್ಲಿ. ಹುರಿದರೆ ಇಂತಹ ಪ್ರೋಟೀನುಗಳ ಮಡಿಕೆ ಬಿಚ್ಚಿ ಶಕ್ತಿ ಕುಂದುತ್ತದೆ. ಹಸಿಯಾಗಿ ನುಂಗಿದರೂ ಸುಮಾರು 180 ಅಕ್ಷರಗಳ ಈ ದೊಡ್ಡ ಅಣು ಇಡಿಯಾಗಿ ಕರುಳು ದಾಟಿ ಚಿಕಿತ್ಸೆಗೆ ಸಾಲುವಷ್ಟು ರಕ್ತಕ್ಕೆ ಸೇರುವಂತಿಲ್ಲ. ಬದಲಿಗೆ ಟ್ರಿಪ್ಸಿನ್ನನ್ನು ತಡೆದು ಪಚನವನ್ನು ಕೆಡಿಸೀತು. ಮಾತ್ರೆ ನಿಂತರೋ, ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ತುಣುಕು ಮಿದುಳಿಗೆ ಹರಿದು ಪಾರ್ಶ್ವವಾಯು ತರಬಹುದು.

ಹೀಗೆ ತಿಳಿಸಿ, ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದೆಂದೂ ಐಎನ್‌ಆರ್ ರಕ್ತಪರೀಕ್ಷೆಯನ್ನು ಹೃದ್ರೋಗ ತಜ್ಞರು ಹೇಳಿದ ದಿನವೇ ಮಾಡಿಸಬೇಕೆಂದೂ ಹೇಳಿದೆವು. ಸೊಪ್ಪು ಬಿಡಬೇಕಾಗಿಲ್ಲ, ಆದರೆ ಒಂದು ದಿನ ಬುಟ್ಟಿ ತುಂಬ, ಇನ್ನೊಂದು ದಿನ ಏನೂ ಇಲ್ಲವೆಂಬಂತೆ ಆಗಬಾರದು. ಯಾವ ಚೂರ್ಣ, ಕಷಾಯವನ್ನಾದರೂ, ನಾವೇ ಕೊಟ್ಟದ್ದಾದರೂ, ಆ ತಜ್ಞರಿಗೆ ತಿಳಿಸದೆ ಆರಂಭಿಸಬಾರದು. ಹೊರಡುವಾಗ ಹಿರಿಯರು, "ಹಾಗಾದರೆ ಹುಣಸೆಹುಳಿ ಸಾರು?" ಎಂದರು. ಅದಕ್ಕೇನೂ ಅಡ್ಡಿಯಿಲ್ಲವೆಂದೆವು.