ಜೀಪಿನ ಶೆಡ್ಡಿನ ನೆಲಕ್ಕೆ ಯಾವ ಲೇಪನ?

ಬೆಳೆಗಾರ ಬಂಧುಗಳಲ್ಲಿ ಅನೇಕರು ಮನೆಯ ಪಕ್ಕದಲ್ಲಿ ಶೆಡ್ಡು ಕಟ್ಟಿಸಿ ಜೀಪು, ಪವರ್ ಟಿಲ್ಲರು, ಸ್ಪ್ರೇಯರುಗಳನ್ನು ಇಡುತ್ತಾರೆ. ಕೊಯ್ಲಿನ ಕಾಲದಲ್ಲಿ ಕಾಫಿ, ಅಡಿಕೆ ಮೂಟೆಗಳೂ ಅಲ್ಲಿಗೇ ಬರುವುದುಂಟು. ಕಾಫಿ ಬೀಜವು ತೇವವನ್ನೂ ಡೀಸೆಲ್ ವಾಸನೆಯನ್ನೂ ಬೇಗ ಹೀರಿಕೊಳ್ಳುತ್ತದೆ. ತೇವ ತಗುಲಿದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಈ ನೆಲದ ಮೇಲೆ ವರ್ಷದ ದುಡಿಮೆಯೇ ನಿಂತಿರುತ್ತದೆ. ಪೇಟೆಯಲ್ಲಿ ದೊರೆಯುವ ಲೇಪನಗಳ ಗುಣದೋಷಗಳನ್ನು ತಿಳಿದು ಹಣ ಹಾಕುವುದು ಲೇಸು.

1. ಮೊದಲು ಅಡಿಪಾಯ

ಬಾಗಲಕೋಟೆ ಜಿಲ್ಲೆಯ ಐಹೊಳೆ ವ್ಯಾಪಾರದ ಚರಿತ್ರೆಯಲ್ಲಿ ದೊಡ್ಡ ಹೆಸರು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘಕ್ಕೆ ಹೆಸರು ಬಂದುದು ಈ ಊರಿನಿಂದಲೇ. ಅಲ್ಲಿನ ಮೇಗುತಿ ಗುಡಿ ಕ್ರಿ.ಶ. 634ರದು. ಗುಡ್ಡದ ಮೇಲೆ, ಎತ್ತರದ ಜಗತಿಯ ಮೇಲೆ ಕಟ್ಟಿದ್ದರಿಂದ ಮಳೆಯ ನೀರು ನಿಲ್ಲದೆ ಇಳಿದುಹೋಗುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ. ಅದರ ಮೂರು ನಾಲ್ಕು ಪಟ್ಟು ಮಳೆ ಬೀಳುವ ಮಲೆನಾಡಿನಲ್ಲಿ ನಾವು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಹೊಸ ಶೆಡ್ಡಾದರೆ ನೆಲವನ್ನು ಅಂಗಳಕ್ಕಿಂತ ಎತ್ತರಿಸಿ, ಕಾಂಕ್ರೀಟಿನ ಅಡಿಗೆ ದಪ್ಪ ಪಾಲಿಥಿನ್ ಹಾಳೆ ಹಾಸಿ, ಬಾಗಿಲಿನ ಕಡೆಗೆ 8 ಅಡಿಗೆ 1 ಅಂಗುಲದಂತೆ ಇಳಿಜಾರು ಕೊಡಿರಿ.

2. ತೇವದ ಪರೀಕ್ಷೆ

ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಹಾಸಿ, ಅಂಚುಗಳನ್ನು ಟೇಪಿನಿಂದ ಭದ್ರವಾಗಿ ಅಂಟಿಸಿ, 24 ಗಂಟೆ ಬಿಡಿರಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆಯೆಂದು ಅರ್ಥ. ಅಂಥ ನೆಲಕ್ಕೆ ಎಷ್ಟು ಬೆಲೆಯ ಬಣ್ಣ ಬಳಿದರೂ ಗುಳ್ಳೆಯೆದ್ದು ಕಿತ್ತುಹೋಗುತ್ತದೆ. ಈ ಪರೀಕ್ಷೆಯನ್ನು ಬೇಸಗೆಯಲ್ಲಿ ಮಾತ್ರ ಮಾಡಿದರೆ ಸಾಲದು. ಮಳೆಗಾಲದಲ್ಲಿಯೂ ಒಮ್ಮೆ ಮಾಡಬೇಕು. ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನ ಕಾಯಬೇಕು.

3. ಲೇಪನಗಳು

ಸಿಲಿಕೇಟ್ ದ್ರಾವಣ: ಕಾಂಕ್ರೀಟಿನೊಳಗಿನ ಸುಣ್ಣದೊಡನೆ ಕೂಡಿ ನೆಲವನ್ನು ಗಟ್ಟಿ ಮಾಡುತ್ತದೆ, ಧೂಳೇಳುವುದನ್ನು ತಗ್ಗಿಸುತ್ತದೆ. ಮೇಲೆ ಪೊರೆಯಿಲ್ಲದ ಕಾರಣ ಸುಲಿಯುವ ಭಯವಿಲ್ಲ. ಆದರೆ ಎಣ್ಣೆಯ ಕಲೆಯನ್ನು ಪೂರ್ತಿ ತಡೆಯಲಾರದು.

ಸಾಮಾನ್ಯ ನೆಲದ ಬಣ್ಣ: ಅಗ್ಗ, ಬಳಿಯುವುದು ಸುಲಭ. ಆದರೆ ಓಡಿ ಬಂದ ಗಾಡಿಯ ಬಿಸಿ ಟೈರಿಗೆ ಅಂಟಿ ಏಳುತ್ತದೆ.

ಎಪಾಕ್ಸಿ: ಎರಡು ಡಬ್ಬಿಗಳ ದ್ರವವನ್ನು ಹೇಳಿದ ಪ್ರಮಾಣದಲ್ಲೇ ಬೆರೆಸಿ, ಗಟ್ಟಿಯಾಗುವ ಮೊದಲೇ ಬಳಿಯಬೇಕು. ಡೀಸೆಲ್, ಗ್ರೀಸುಗಳನ್ನು ಚೆನ್ನಾಗಿ ತಡೆಯುತ್ತದೆ. ಬಿಸಿಲಿಗೆ ಹಳದಿಯಾಗುತ್ತದೆ, ಒದ್ದೆಯಾದರೆ ಜಾರುತ್ತದೆ. ಹಸಿಯಿರುವಾಗಲೇ ಸಣ್ಣ ಮರಳು ಉದುರಿಸಿದರೆ ಜಾರುವುದು ತಪ್ಪುತ್ತದೆ.

ಪಾಲಿಯುರೆಥೇನ್: ಎಪಾಕ್ಸಿಯ ಮೇಲೆ ಕೊಡುವ ಕೊನೆಯ ಕೋಟು. ಇದರಲ್ಲಿ ಬಿಸಿಲು ತಾಳುವ ಬಗೆಗಳಿವೆ. ಖರ್ಚು ಹೆಚ್ಚು.

ಕಲ್ಲು ಹಾಸುವುದಾದರೆ ಜಾತಿ ನೋಡಬೇಕು. ಐಹೊಳೆಯ ಗುಡಿಗಳ ಮರಳುಗಲ್ಲಿನಂಥದು ಎಣ್ಣೆ ಹೀರುತ್ತದೆ. ಶಹಾಬಾದ್ ಕಲ್ಲು ಸುಣ್ಣಗಲ್ಲಾದ್ದರಿಂದ ಬ್ಯಾಟರಿಯ ಆಸಿಡ್ ಬಿದ್ದರೆ ಕೆಡುತ್ತದೆ. ಐಹೊಳೆಗೆ ಸಮೀಪದ ಇಳಕಲ್ಲಿನ ಕೆಂಪು ಗ್ರಾನೈಟು ಇವೆರಡನ್ನೂ ಚೆನ್ನಾಗಿ ತಾಳುತ್ತದೆ.

4. ಬಳಿಯುವ ಮೊದಲು

ಹಳೆಯ ಎಣ್ಣೆಯನ್ನು ಸೋಪಿನ ನೀರಿನಿಂದ ಉಜ್ಜಿ ತೆಗೆದು, ನೆಲವನ್ನು ಯಂತ್ರದಿಂದ ತರಿಯಾಗಿ ಉಜ್ಜಿಸಿರಿ. ನೆಲದ ಮೇಲೆ ನೀರು ಹನಿಸಿದಾಗ ಬೇಗ ಇಂಗಿದರೆ ಲೇಪನ ಕಚ್ಚುತ್ತದೆ. ಮುತ್ತಿನಂತೆ ನಿಂತರೆ ಇನ್ನೂ ಜಿಡ್ಡಿದೆ. ಕೆಲಸದ ವೇಳೆ ಬಾಗಿಲು ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬಾರದಿರಲಿ.

5. ನಮ್ಮ ಸಲಹೆ

ತೇವ ಏರುವ ಹಳೆಯ ನೆಲಕ್ಕೆ ಸಿಲಿಕೇಟ್ ದ್ರಾವಣ ಸಾಕು. ಒಣನೆಲವಿದ್ದು ಗಾಡಿ ರಿಪೇರಿಯೂ ಅಲ್ಲೇ ನಡೆಯುವುದಾದರೆ ಎಪಾಕ್ಸಿಗೆ ಹಾಕಿದ ಹಣ ದಂಡವಲ್ಲ. ಯಾವ ಲೇಪನವಿದ್ದರೂ ಮೂಟೆಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರವಿಟ್ಟು ಜೋಡಿಸಿರಿ. ಹೊಸ ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಕಾಫಿಯನ್ನು ಒಳಗೆ ತರಬೇಡಿರಿ. ಡೀಸೆಲ್, ಔಷಧಿ ಡಬ್ಬಿಗಳಿಗೆ ಬೇರೆ ಜಾಗ ಮಾಡುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ರಕ್ಷಣೆ.