ಕರೆದಾಗ ಬರುವ ಪಟ್ಟಿ

ಗಣಕಯಂತ್ರದ ಪರದೆಯ ತಳದಲ್ಲಿ ಒಂದು ಪಟ್ಟಿ ಇರುವುದನ್ನು ವಾಚಕರು ಕಂಡೇ ಇರುತ್ತಾರೆ. ಅದಕ್ಕೆ ಟಾಸ್ಕ್‌ಬಾರ್ ಎಂದು ಹೆಸರು. ತೆರೆದಿಟ್ಟ ಕೆಲಸಗಳು, ಗಡಿಯಾರ, ಕೀಲಿಮಣೆಯ ಭಾಷೆಯ ಗುರುತು, ಇವೆಲ್ಲ ಅದರಲ್ಲಿರುತ್ತವೆ. 1995ರಲ್ಲಿ ವಿಂಡೋಸ್ 95ರೊಡನೆ ಈ ಪಟ್ಟಿ ಬಂದಿತು. ಬೇಡವಾದಾಗ ಅದು ತಾನಾಗಿ ಮರೆಯಾಗುವ ಏರ್ಪಾಡೂ ಆಗಲೇ ಬಂದಿತು. ಮರೆಯಾಗುವ ಈ ಪಟ್ಟಿ ಕೆಲವರಿಗೆ ಉಪಕಾರಿ, ಕೆಲವರಿಗೆ ಉಪದ್ರವ. ಹೀಗಾಗುವುದೇಕೆ, ಉಪದ್ರವವನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಮೊದಲು ಉಪಕಾರವನ್ನು ಲೆಕ್ಕ ಹಾಕೋಣ. ಸಣ್ಣ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ ಪರದೆಯ ಎತ್ತರ 768 ಚುಕ್ಕೆ. ವಿಂಡೋಸ್ 11ರ ಪಟ್ಟಿಯ ಎತ್ತರ ಸಾಮಾನ್ಯ ಅಳತೆಯಲ್ಲಿ 48 ಚುಕ್ಕೆ. ಅಂದರೆ ಪರದೆಯ ಹದಿನಾರರಲ್ಲಿ ಒಂದು ಪಾಲು ಪಟ್ಟಿಗೇ ಹೋಯಿತು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಆದುದರಿಂದ ಸಾಲುಸಾಲಿನ ನಡುವೆ ಹೆಚ್ಚು ಜಾಗ ಬೇಕು. ಒಂದೆರಡು ಸಾಲಿನ ಜಾಗ ಉಳಿದರೂ ಕನ್ನಡ ಓದುವವರಿಗೆ ಅದು ಲಾಭವೇ ಸರಿ.

ಇನ್ನು ಉಪದ್ರವದ ಮಾತು. 1954ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ನಿಯಮವನ್ನು ತೋರಿಸಿಕೊಟ್ಟರು. ಗುರಿ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ಕೈ ಅದನ್ನು ಬೇಗ ಮುಟ್ಟುತ್ತದೆ ಎಂಬುದೇ ಅದರ ಸಾರ. ಪರದೆಯ ಅಂಚಿಗೆ ಇದನ್ನು ಅನ್ವಯಿಸಿ ನೋಡಿರಿ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣವು ಅಂಚಿನಲ್ಲಿ ನಿಂತುಬಿಡುತ್ತದೆ, ಮುಂದಕ್ಕೆ ಹೋಗಲಾರದು. ಹೀಗಾಗಿ ಗುರಿಯಿಡದೆಯೇ ಅಂಚನ್ನು ಮುಟ್ಟಬಹುದು. ಪಟ್ಟಿಯನ್ನು ಅಂಚಿನಲ್ಲಿಟ್ಟಿರುವುದರ ಅನುಕೂಲ ಇದೇ. ಆದರೆ ಗುರಿಯಿಡದೆ ಮುಟ್ಟಬಹುದಾದದ್ದನ್ನು ಮನಸ್ಸಿಲ್ಲದೆಯೂ ಮುಟ್ಟಿಬಿಡುತ್ತೇವಷ್ಟೆ! ಎಕ್ಸೆಲ್‌ನಲ್ಲಿ ಹಾಳೆಗಳ ಹೆಸರುಗಳು ತಳದಲ್ಲಿಯೇ ಇರುತ್ತವೆ. ಅವುಗಳ ಮೇಲೆ ಒತ್ತಲು ಹೋದಾಗ ಪಟ್ಟಿ ಮೇಲೆದ್ದು ಅವನ್ನೇ ಮುಚ್ಚಿಬಿಡುತ್ತದೆ. ಕೈ ನಡುಗುವ ಹಿರಿಯರಿಗಂತೂ ಇದು ದೊಡ್ಡ ಬಾಧೆ.

ಪಂಕ್ತಿಯಲ್ಲಿ ಬಡಿಸುವವರನ್ನು ನೆನೆಯಿರಿ. ಒಳ್ಳೆಯವರು ಎಲೆ ಬರಿದಾದಾಗ ಬರುತ್ತಾರೆ. ತಲೆಯ ಮೇಲೆ ಸೌಟು ಹಿಡಿದು ನಿಲ್ಲುವುದಿಲ್ಲ. ಪಟ್ಟಿಗೂ ಅದೇ ಧರ್ಮ. ಕರೆದಾಗ ತಪ್ಪದೆ ಬರಬೇಕು, ಕರೆಯದೆ ಬರಬಾರದು. ಇದನ್ನು ಸಾಧಿಸಲು ನಾಲ್ಕು ಉಪಾಯಗಳಿವೆ.

ಒಂದನೆಯದು, ತಡ. ಅಂಚನ್ನು ದಾಟಿ ಹೋಗುವ ಬಾಣ ಅಲ್ಲಿ ಕ್ಷಣಮಾತ್ರ ಇರುತ್ತದೆ. ಪಟ್ಟಿಗಾಗಿಯೇ ಬಂದ ಬಾಣ ಅಲ್ಲಿ ನಿಲ್ಲುತ್ತದೆ. ಆದುದರಿಂದ ಸ್ವಲ್ಪ ಕಾದು ಮೇಲೇಳುವ ಪಟ್ಟಿ ಇವೆರಡರ ಭೇದವನ್ನು ಅರಿಯಬಲ್ಲದು. ಲಿನಕ್ಸ್ ಮಿಂಟಿನ ಸಿನಮನ್ ಆವೃತ್ತಿಯಲ್ಲಿ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ಯಾನೆಲ್ ಸೆಟ್ಟಿಂಗ್ಸ್ ತೆರೆದರೆ, ಕಾಣಿಸಿಕೊಳ್ಳುವ ತಡ ಮತ್ತು ಮರೆಯಾಗುವ ತಡಗಳನ್ನು ಬೇರೆಬೇರೆಯಾಗಿ ಗೊತ್ತುಮಾಡಬಹುದು. ಅಳತೆ ಮಿಲಿಸೆಕೆಂಡಿನದು, ಸಾವಿರಕ್ಕೆ ಒಂದು ಸೆಕೆಂಡು. 400ರಿಂದ ಆರಂಭಿಸಿ, ನಿಮ್ಮ ಕೈಗೆ ಒಗ್ಗುವಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿರಿ.

ಎರಡನೆಯದು, ವಿವೇಕ. ಯಾವುದಾದರೂ ಕಿಟಕಿ ತನ್ನ ಜಾಗಕ್ಕೆ ಬಂದಾಗ ಮಾತ್ರ ಪಟ್ಟಿ ಸರಿದುಕೊಳ್ಳುವಂತೆಯೂ ಏರ್ಪಡಿಸಬಹುದು. ಸಿನಮನ್‌ನ ಅದೇ ಸ್ಥಳದಲ್ಲಿ ಈ ಆಯ್ಕೆಯಿದೆ. ಎಕ್ಸ್‌ಎಫ್‌ಸಿಇಯಲ್ಲಿಯೂ ಇದು ದೊರೆಯುತ್ತದೆ.

ಮೂರನೆಯದು, ಕರೆಯದೆ ಬರುವವರನ್ನು ತಡೆಯುವುದು. ವಿಂಡೋಸ್‌ನಲ್ಲಿ ಯಾವುದಾದರೂ ಕೆಲಸ ಗಮನ ಬೇಡಿದರೆ, ಅಡಗಿದ ಪಟ್ಟಿ ಮೇಲೆದ್ದು ನಿಂತುಬಿಡುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂದು ಅನುಕ್ರಮವಾಗಿ ಹೋಗಿ, 'ಶೋ ಫ್ಲ್ಯಾಶಿಂಗ್ ಆನ್ ಟಾಸ್ಕ್‌ಬಾರ್ ಆ್ಯಪ್ಸ್' ಎಂಬುದರ ಗುರುತನ್ನು ತೆಗೆಯಿರಿ. ಪಟ್ಟಿಯನ್ನು ಅಡಗಿಸುವ ಆಯ್ಕೆಯೂ ಅಲ್ಲಿಯೇ ಇದೆ.

ನಾಲ್ಕನೆಯದು, ಮೌಸನ್ನು ಬಿಟ್ಟು ಕೀಲಿಗಳಿಂದ ಕರೆಯುವುದು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ತಡವನ್ನು ಗೊತ್ತುಮಾಡುವ ಆಯ್ಕೆಯಿಲ್ಲವಾದ ಕಾರಣ ಅಲ್ಲಿ ಈ ಉಪಾಯವೇ ಮುಖ್ಯ. ವಿಂಡೋಸ್ ಕೀಲಿಯೊಡನೆ ಟಿ ಒತ್ತಿದರೆ ಪಟ್ಟಿ ಬರುತ್ತದೆ. ಎಕ್ಸೆಲ್‌ನಲ್ಲಿ ಕಂಟ್ರೋಲ್ ಕೀಲಿಯೊಡನೆ ಪೇಜ್ ಡೌನ್ ಒತ್ತಿದರೆ ಮುಂದಿನ ಹಾಳೆ ಬರುತ್ತದೆ. ಅಂಚಿನ ತಂಟೆಯೇ ಬೇಡ. ಮ್ಯಾಕ್ ಯಂತ್ರದವರು ಆಪ್ಶನ್, ಕಮಾಂಡ್, ಡಿ ಮೂರನ್ನೂ ಕೂಡಿ ಒತ್ತಿ ತಳದ ಡಾಕ್ ಅಡಗುವಂತೆ ಮಾಡಬಹುದು, ಅಡಗದಂತೆಯೂ ಮಾಡಬಹುದು.

ಇಲ್ಲಿ ನಮ್ಮಂಥವರು ವಿಶೇಷವಾಗಿ ಗಮನಿಸತಕ್ಕ ಒಂದು ಸಂಗತಿಯಿದೆ. ಕೊಂಢವಾದ ಕನ್ನಡ ಮನೆಯ ಗಣಕದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಕೀಲಿಮಣೆಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ಮನೆಯ ಪತ್ರ ಕನ್ನಡದಲ್ಲಿ, ಮಹಾನಗರಪಾಲಿಕೆಗೆ ಅರ್ಜಿ ಮರಾಠಿಯಲ್ಲಿ. ನಮ್ಮ ಪುಣೆಯಲ್ಲಿಯೇ 1988ರಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆಯು ಪ್ರಚಾರಕ್ಕೆ ತಂದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಕೀಲಿ ಒಂದೇ. ಕಲಿಯುವುದಕ್ಕೆ ಇದು ದೊಡ್ಡ ಅನುಕೂಲ. ಆದರೆ ಯಾವ ಭಾಷೆ ಚಾಲ್ತಿಯಲ್ಲಿದೆಯೆಂಬುದನ್ನು ಬೆರಳುಗಳು ಹೇಳಲಾರವು. ಅದನ್ನು ಹೇಳುವ ಗುರುತು ಇರುವುದು ಪಟ್ಟಿಯಲ್ಲಿ! ಪಟ್ಟಿಯನ್ನು ಅಡಗಿಸಿದರೆ ಗುರುತೂ ಅಡಗಿತು. ಇದಕ್ಕೆ ಪರಿಹಾರವುಂಟು. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ, ಆಗ ಭಾಷೆಯ ಹೆಸರೂ ಕಾಣಿಸುತ್ತದೆ. ಇಲ್ಲವೆ ಟೈಪಿಂಗ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಡೆಸ್ಕ್‌ಟಾಪ್ ಲ್ಯಾಂಗ್ವೇಜ್ ಬಾರ್ ಆರಿಸಿಕೊಂಡರೆ, ಭಾಷೆಯ ಗುರುತು ಪಟ್ಟಿಯಿಂದ ಬೇರೆಯಾಗಿ ಪರದೆಯ ಮೇಲೆ ಉಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ವಾಚನಾಲಯದಂಥ ಸ್ಥಳಗಳಲ್ಲಿ ಹಲವರು ಬಳಸುವ ಗಣಕದಲ್ಲಿ ಪಟ್ಟಿಯನ್ನು ಅಡಗಿಸದಿರುವುದೇ ಲೇಸು. ಹೊಸಬರು ಬಂದು ಕುಳಿತಾಗ ಪಟ್ಟಿ ಕಾಣದಿದ್ದರೆ ಯಂತ್ರ ಕೆಟ್ಟಿದೆಯೆಂದೋ, ತಾವೇ ಏನೋ ಕೆಡಿಸಿದೆವೆಂದೋ ಭಾವಿಸಿ, ಕೇಳಲು ಸಂಕೋಚಪಟ್ಟು ಎದ್ದುಹೋಗುತ್ತಾರೆ. ಒಂದೆರಡು ಸಾಲು ಜಾಗಕ್ಕಿಂತ ಒಬ್ಬ ವಾಚಕರು ಹೆಚ್ಚಲ್ಲವೆ? ನಮ್ಮ ಸ್ವಂತ ಯಂತ್ರದಲ್ಲಿ ನಮ್ಮ ಅನುಕೂಲ. ಎಲ್ಲರ ಯಂತ್ರದಲ್ಲಿ ಎಲ್ಲರ ಅನುಕೂಲ.

ಅಭ್ಯಾಸ

1. ನಿಮ್ಮ ಪರದೆಯ ಎತ್ತರದಲ್ಲಿ ಪಟ್ಟಿಯ ಪಾಲು ಎಷ್ಟೆಂದು ಅಳೆಯಿರಿ.

2. ಒಂದು ಗಂಟೆಯ ಕೆಲಸದಲ್ಲಿ ಪಟ್ಟಿ ಕರೆಯದೆ ಎಷ್ಟು ಸಲ ಬಂದಿತೆಂದು ಎಣಿಸಿರಿ. ಮೇಲಿನ ಉಪಾಯಗಳಲ್ಲಿ ಒಂದನ್ನು ಮಾಡಿ, ಮತ್ತೊಮ್ಮೆ ಎಣಿಸಿರಿ.

3. ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಅವರ ಕೈಗೆ ಒಗ್ಗುವ ಏರ್ಪಾಡು ಯಾವುದೆಂದು ಅವರನ್ನೇ ಕೇಳಿ ಮಾಡಿಕೊಡಿರಿ.